ಅಕ್ಕನ ಕ್ಲೈಮ್ಯಾಕ್ಸು

ಅಂಗಿಯ ಗುಂಡಿ ಕಿತ್ತುಹೋದರೆ ಒಬ್ಬಂಟಿ ಗಂಡಸಿನ ಮುಂದೆ ಮೂರು ದಾರಿ ಇರುತ್ತವೆ. ಸೂಜಿ ದಾರ ಹುಡುಕುವುದು, ಪಿನ್ನು ಚುಚ್ಚಿಕೊಳ್ಳುವುದು, ಇಲ್ಲವೇ ಆ ಅಂಗಿಯನ್ನು ಒಳಗಿಟ್ಟು ಇನ್ನೊಂದನ್ನು ಹಾಕಿಕೊಳ್ಳುವುದು. ನಾನು ಯಾವಾಗಲೂ ಮೂರನೆಯ ದಾರಿಯವನು. ಹಾಗಾಗಿ ಕಳೆದ ತಿಂಗಳು ಒಂದು ಬೆಳಿಗ್ಗೆ ಬೀರು ತೆರೆದು ನೋಡಿದರೆ ಗುಂಡಿಗಳೆಲ್ಲ ನೆಟ್ಟಗಿರುವ ಅಂಗಿ ಒಂದೂ ಉಳಿದಿರಲಿಲ್ಲ. ಐದು ಅಂಗಿಗಳನ್ನು ಚೀಲಕ್ಕೆ ತುರುಕಿಕೊಂಡು, ಮೈಮೇಲೆ ಒಂದು ಟೀ ಶರ್ಟು ಏರಿಸಿಕೊಂಡು, ತುಮಕೂರಿನ ಶಿರಾ ಗೇಟಿನ ಹತ್ತಿರ ಇರುವ ಟೈಲರ್ ಅಂಗಡಿಗೆ ಹೋದೆ. ಟೈಲರ್ ಅಂಗಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ.

"ಐದಕ್ಕೂ ಹೊಟ್ಟೆ ಮೇಲಿನ ಗುಂಡೀನೇ ಹೋಗೈತಲ್ಲ ಸಾರ್. ಗುಂಡಿ ಹಾಕ್ಕೊಡ್ತೀನಿ. ಹೊಟ್ಟೆಗೆ ನಾನೇನೂ ಮಾಡಕ್ಕಾಗಲ್ಲ."

"ಅದರ ವಿಚಾರ ನಾನು ನೋಡ್ಕತೀನಿ ಬಿಡಪ್ಪ," ಎಂದು ಸ್ಟೂಲಿನ ಮೇಲೆ ಕೂತೆ.

ಶಿರಾ ಗೇಟಿನಲ್ಲಿ ಎದುರುಗಡೆಯ ಗೋಡೆಯನ್ನು ನೋಡುವುದೂ ಸುಲಭವಲ್ಲ. ನಡುವೆ ಲಾರಿ ಹೋಗುತ್ತದೆ, ಆಟೊ ನಿಲ್ಲುತ್ತದೆ, ಯಾರೋ ಬೈಕಿನ ಮೇಲೆ ಪ್ಲೈವುಡ್ ಹಲಗೆ ಹಿಡಿದುಕೊಂಡು ಸಾಗುತ್ತಾರೆ. ಗೋಡೆ ಕಂತುಕಂತಾಗಿ ಕಾಣುತ್ತದೆ. ಮೊದಲ ಕಂತಿನಲ್ಲಿ ಒಂದು ರೈಲು ಕಂಡಿತು. ಎರಡನೆಯದರಲ್ಲಿ ಒಬ್ಬ ಹೆಂಗಸಿನ ಮುಖ. ಮೂರನೆಯದರಲ್ಲಿ ಪೋಸ್ಟರಿನ ಮೇಲಿನ ಸಿನಿಮಾದ ಹೆಸರು ಕಂಡಿತು ನೋಡಿ, ನಾನು ಎದ್ದು ನಿಂತೆ. ಐವತ್ತು ವರ್ಷಕ್ಕೂ ಹಿಂದಿನ ಸಿನಿಮಾ. ಅದೇ ಹೆಸರು, ಅದೇ ಕತೆ, ಹೊಸ ಮುಖಗಳು. ಹೆಸರನ್ನು ಮಾತ್ರ ನಾನು ನಿಮಗೆ ಹೇಳುವುದಿಲ್ಲ. ಹಳೆಯದರ ಅಭಿಮಾನಿಗಳು ಈಗಲೂ ಇದ್ದಾರೆ, ಹೊಸ ನಟನ ಅಭಿಮಾನಿಗಳು ಅವರಿಗಿಂತ ಜೋರು. ಇಬ್ಬರ ಕೈಲೂ ಬೈಸಿಕೊಳ್ಳುವ ತ್ರಾಣ ಈ ವಯಸ್ಸಿನಲ್ಲಿ ನನಗಿಲ್ಲ.

ರೀಮೇಕು ಮೂಲದಷ್ಟು ಚೆನ್ನಾಗಿರುತ್ತದೆಯೇ ಎನ್ನುವುದು ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಎಂದೋ ತೀರ್ಮಾನವಾದ ವಿಷಯ. "ಹಳೇದ್ರ ಮುಂದೆ ಇದೇನ್ ಸಾರ್," ಎನ್ನುತ್ತಾರೆ. ಹಳೆಯದು ಬಿಡುಗಡೆಯಾದಾಗ ಹುಟ್ಟೇ ಇರದವರೂ ಹಾಗೆಯೇ ಹೇಳುತ್ತಾರೆ. ಈ ಮಾತು ಆಡಲು ಸಿನಿಮಾ ನೋಡಿರಬೇಕು ಅಂತೇನಿಲ್ಲ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವವರು ಒಬ್ಬರಿದ್ದರೆ ಆಯಿತು. ನನಗೆ ಅಡಚಣೆ ಬರುವುದು ಅಲ್ಲಿಯೇ. ನನ್ನ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು, ಮಕ್ಕಳಿಲ್ಲ, ಟೀವಿಯ ಮುಂದೆ ಕೂತು "ಹಳೇದ್ರಷ್ಟಿಲ್ಲ ಬಿಡು" ಎಂದರೆ ಬಿಡುವುದಕ್ಕೂ ಮನೆಯಲ್ಲಿ ಯಾರೂ ಇಲ್ಲ.

ಹಾಗೆ ನೋಡಿದರೆ ನಾನೂ ರೀಮೇಕ್ ಮಾಡುವವನೇ. ಹೆಂಡತಿ ಮಾಡುತ್ತಿದ್ದ ಬಸ್ಸಾರನ್ನು ನಾಲ್ಕು ವರ್ಷದಿಂದ ಮತ್ತೆ ಮತ್ತೆ ತೆಗೆಯುತ್ತಿದ್ದೇನೆ. ಅದೇ ಹುರುಳಿಕಾಳು, ಅದೇ ಸೊಪ್ಪು, ಅದೇ ಪಾತ್ರೆ. ಕಟ್ಟು ಬಸಿಯುವಾಗ ಅರ್ಧ ಕಾಳು ಸಿಂಕಿನ ಪಾಲಾಗುತ್ತದೆ, ಉಳಿದದ್ದಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಎರಡು ಸಲ ಹಾಕುತ್ತೇನೆ. ಅವಳಿದ್ದಾಗ ಒಂದು ದಿನವೂ ಒಲೆಯ ಹತ್ತಿರ ನಿಂತು ನೋಡಿದವನಲ್ಲ. ತಟ್ಟೆಗೆ ಬಂದದ್ದನ್ನು ಉಂಡು, ಸುರಿದು, ಎದ್ದು ಹೋದವನು. ಮೂಲವನ್ನು ಸರಿಯಾಗಿ ನೋಡದವನ ರೀಮೇಕು ಹೇಗಿರುತ್ತದೋ ಹಾಗೆ ಇರುತ್ತದೆ.

ಆದರೆ ಈ ಸಿನಿಮಾದ ವಿಷಯ ಬೇರೆ. ಇದರ ಮೂಲವನ್ನು ನಾನು ನೋಡಿದವನಲ್ಲ, ಕೇಳಿದವನು. ನನ್ನ ಅಕ್ಕನ ಬಾಯಲ್ಲಿ ಕೇಳಿದವನು. ಸಣ್ಣವನಿದ್ದಾಗ ನಾನು ನೋಡಿದ್ದೇನೆ ಎಂದುಕೊಂಡಿರುವ ಸಿನಿಮಾಗಳೆಲ್ಲ ಅಕ್ಕ ಹೇಳಿದವೇ. ದೊಡ್ಡವನಾದ ಮೇಲೆ ಅವುಗಳಲ್ಲಿ ಕೆಲವನ್ನು ಪರದೆಯ ಮೇಲೆ ನೋಡಿದಾಗ, ಯಾರೋ ನಮ್ಮಕ್ಕನ ಸಿನಿಮಾವನ್ನು ರೀಮೇಕ್ ಮಾಡಿ ಕೆಡಿಸಿದ್ದಾರೆ ಅನ್ನಿಸುತ್ತಿತ್ತು.

ನಮ್ಮದು ನಿಟ್ಟೂರು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿಗೆ ಹತ್ತಿರದಲ್ಲೇ ಮನೆ, ಗಾಡಿ ಹೋದರೆ ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ನನಗೆ ಏಳೋ ಎಂಟೋ ವರ್ಷವಿದ್ದಾಗ ಅಮ್ಮ ಜ್ವರ ಬಂದು ಹೋಗಿಬಿಟ್ಟಳು. ಮೂರೇ ದಿನದ ಜ್ವರ. ಅಕ್ಕನಿಗೆ ಆಗ ಹದಿನೇಳು. ಓದು ಬಿಟ್ಟು ಮನೆ ಹಿಡಿದಳು. ಮನೆಯಲ್ಲೇ ಕೂತರೆ ಹುಡುಗಿ ಮಂಕಾಗುತ್ತಾಳೆ ಎಂದು ಪಕ್ಕದ ಮನೆಯವರು ಹೇಳಿದ್ದಕ್ಕೆ ಅಪ್ಪ ಅವಳನ್ನು ಗುಬ್ಬಿಯ ಹೊಲಿಗೆ ಕ್ಲಾಸಿಗೆ ಸೇರಿಸಿದರು. ಬೆಳಿಗ್ಗೆ ಮುದ್ದೆ ತಿರುವಿಟ್ಟು ಪ್ಯಾಸೆಂಜರ್ ಹತ್ತಿ ಹೋದರೆ, ಸಂಜೆ ಐದೂ ಮುಕ್ಕಾಲಿಗೆ ಗುಬ್ಬಿ ಬಿಡುವ ಪ್ಯಾಸೆಂಜರಿನಲ್ಲಿ ವಾಪಸು. ಅದು ತಪ್ಪಿದರೆ ಆ ದಿನಕ್ಕೆ ಬೇರೆ ಗಾಡಿ ಇಲ್ಲ.

ಹೊಲಿಗೆ ಹೇಳಿಕೊಡುತ್ತಿದ್ದ ಮೇಡಮ್ಮು ಸಿನಿಮಾ ಹುಚ್ಚಿನವರು. ಟಾಕೀಸಿನಲ್ಲಿ ಚಿತ್ರ ಬದಲಾದ ವಾರ ಮಧ್ಯಾಹ್ನದ ಹೊತ್ತಿಗೆ ಮಿಶನ್ನುಗಳಿಗೆ ಬಟ್ಟೆ ಮುಚ್ಚಿ, "ನಡೀರೇ, ಬ್ಲೌಸಿನ ತೋಳು ನೋಡ್ಕಂಡು ಬರಣ," ಎಂದು ಹುಡುಗಿಯರನ್ನೆಲ್ಲ ಮ್ಯಾಟಿನಿಗೆ ಹೊರಡಿಸುತ್ತಿದ್ದರಂತೆ. ನಾಯಕಿಯ ತೋಳು ಎಷ್ಟು ಉದ್ದ, ಕತ್ತಿನ ಪಟ್ಟಿ ಯಾವ ಆಕಾರ ಎಂದು ನೋಡಿಕೊಂಡು ಬಂದು ಮರುದಿನ ಕಾಗದದ ಮೇಲೆ ಕತ್ತರಿಸಿ ತೋರಿಸಬೇಕು. ಸಿನಿಮಾ ಪಾಠದ ಲೆಕ್ಕಕ್ಕೆ ಸೇರಿದ್ದರಿಂದ ಅಪ್ಪನಿಗೆ ಹೇಳುವ ಅಗತ್ಯ ಬೀಳುತ್ತಿರಲಿಲ್ಲ.

ಆದರೆ ಮ್ಯಾಟಿನಿ ಮುಗಿಯುವುದು ಆರು ಗಂಟೆ ದಾಟಿದ ಮೇಲೆ. ಗುಬ್ಬಿಯ ಹುಡುಗಿಯರು ಕೊನೆಯವರೆಗೂ ಕೂತು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. ನಮ್ಮಕ್ಕ ಐದೂ ಕಾಲಿಗೇ ಎದ್ದು, ಸಾಲಿನಲ್ಲಿ ಕೂತವರ ಮೊಣಕಾಲಿಗೆಲ್ಲ ತಾಗಿ ಬೈಸಿಕೊಂಡು, ಸ್ಟೇಷನ್ನಿಗೆ ಓಡಬೇಕು. ನಾಯಕ ಕಟ್ಟಿಹಾಕಿಸಿಕೊಂಡಿರುತ್ತಿದ್ದ, ನಾಯಕಿ ಅಳುತ್ತಿರುತ್ತಿದ್ದಳು, ಖಳ ನಗುತ್ತಿರುತ್ತಿದ್ದ. ಅವರೆಲ್ಲರನ್ನೂ ಅದೇ ಸ್ಥಿತಿಯಲ್ಲಿ ಬಿಟ್ಟು ಅಕ್ಕ ಗಾಡಿ ಹತ್ತುತ್ತಿದ್ದಳು. ಕೊನೆಗೇನಾಯಿತು ಎಂದು ಮಾರನೆಯ ಕ್ಲಾಸಿನಲ್ಲಿ ಯಾರನ್ನಾದರೂ ಕೇಳಬಹುದಿತ್ತು, ನಿಜ. ಆದರೆ ಮನೆಯಲ್ಲಿ ನಾನಿದ್ದೆನಲ್ಲ. ನನಗೆ ಪೂರ್ತಿ ಕತೆ ಅವತ್ತೇ ಆಗಬೇಕು.

ಊಟವಾದ ಮೇಲೆ ಅವಳು ಹೆಮ್ಮಿಂಗ್ ಮಾಡುವುದಕ್ಕೆಂದು ಬ್ಲೌಸುಗಳನ್ನು ಮಡಿಲಿಗೆ ಹಾಕಿಕೊಂಡು ಕೂರುತ್ತಿದ್ದಳು. ನಾನು ಸೂಜಿಗೆ ದಾರ ಪೋಣಿಸಿಕೊಡುವವನು. ಕತೆ ಶುರುವಾಗುವುದು ಯಾವಾಗಲೂ ಬ್ಲೌಸಿನಿಂದಲೇ. "ಮೊದ್ಲು ಅವಳು ಬತ್ತಾಳೆ ಕಣೋ ಬಸ್ವ, ಬಾವುಟದ ಹಂಗೆ ತೋಳು." ಆಮೇಲೆ ನಾಯಕ. ಅವನು ಯಾವ ಊರಿನವನೇ ಆಗಲಿ, ಅರಸೀಕೆರೆ ಕಡೆಯ ಪ್ಯಾಸೆಂಜರಿನಲ್ಲೇ ಬರುತ್ತಿದ್ದ. ಖಳನ ಬಂಗಲೆ ನಮ್ಮೂರಿನ ಕೊಬ್ಬರಿ ಗೋಡೌನಿನ ಹಿಂದುಗಡೆ ಇರುತ್ತಿತ್ತು. ಹೊಡೆದಾಟ ಬಂದರೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎರಡು ಕೈಯನ್ನೂ ಬಳಸುತ್ತಿದ್ದಳು. ಹಾಡುಗಳನ್ನು ಮಾತ್ರ ಹಾಡುತ್ತಿರಲಿಲ್ಲ. "ಇಲ್ಲೊಂದು ಹಾಡು, ಚೆನ್ನಾಗೈತೆ," ಎಂದು ದಾಟಿಸಿಬಿಡುತ್ತಿದ್ದಳು.

ಕೊನೆ ಮಾತ್ರ ಪ್ರತಿಯೊಂದಕ್ಕೂ ಒಂದೇ. ಎಷ್ಟೇ ಕೊಲೆಯಾಗಲಿ, ಎಷ್ಟೇ ಜನ ಬೇರೆಬೇರೆಯಾಗಲಿ, ಕಡೆಯಲ್ಲಿ "ಎಲ್ರೂ ಕೈಕಾಲು ತೊಳ್ಕಂಡು ಊಟಕ್ಕೆ ಕೂತ್ಕಂಡ್ರು. ಅಷ್ಟೇ ಸಿನಿಮಾ" ಎನ್ನುತ್ತಿದ್ದಳು. ನಾನು ಏನು ಊಟ ಎಂದು ಕೇಳುತ್ತಿದ್ದೆ. ಬಂಗಲೆಯ ಶ್ರೀಮಂತರಿಗೂ ಅವಳು ಮುದ್ದೆ ಮತ್ತು ಅವರೆಕಾಳು ಸಾರನ್ನೇ ಬಡಿಸುತ್ತಿದ್ದಳು.

ಇದರ ಪರಿಣಾಮ ನನ್ನ ಮೇಲೆ ಏನಾಯಿತು ಕೇಳಿ. ಕಾಲೇಜಿಗೆಂದು ತುಮಕೂರಿಗೆ ಬಂದು ಮೊಟ್ಟಮೊದಲ ಸಲ ಟಾಕೀಸಿನಲ್ಲಿ ಒಂದು ಸಿನಿಮಾವನ್ನು ಕೊನೆಯವರೆಗೆ ನೋಡಿದೆ. ನಾಯಕ ನಾಯಕಿ ಬೆಟ್ಟದ ಮೇಲೆ ನಿಂತರು, ಪರದೆಯ ಮೇಲೆ ಶುಭಂ ಎಂದು ಬಂತು, ಲೈಟು ಹತ್ತಿತು. ಜನ ಎದ್ದು ಹೋಗುತ್ತಿದ್ದರೂ ನಾನು ಕೂತೇ ಇದ್ದೆ. ಬಾಗಿಲಲ್ಲಿದ್ದವರು ಬಂದು ಏಳಪ್ಪ ಎಂದರು. "ಊಟದ ಸೀನು ಇನ್ನೂ ಬಂದಿಲ್ವಲ್ಲ," ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಊಟ ಬೇಕಾದ್ರೆ ಹೋಟ್ಲಿಗೆ ಹೋಗು," ಎಂದರು. ರೀಲು ಕತ್ತರಿಸಿದ್ದಾರೆ ಎಂದು ನಾನು ಬಹಳ ದಿನ ಗೆಳೆಯರ ಹತ್ತಿರ ವಾದ ಮಾಡಿದ್ದೂ ಉಂಟು.

ಆ ಪೋಸ್ಟರಿನ ಸಿನಿಮಾ ಅಕ್ಕ ಹೇಳಿದ ಎಲ್ಲದರಲ್ಲೂ ನನಗೆ ಹೆಚ್ಚು ಇಷ್ಟವಾದದ್ದು. ಒಬ್ಬ ತಾಯಿ ಎಳೆಯ ಮಗನನ್ನು ಕರೆದುಕೊಂಡು ರೈಲಿನಲ್ಲಿ ಹೋಗುತ್ತಿರುತ್ತಾಳೆ. ಯಾವುದೋ ಸ್ಟೇಷನ್ನಿನಲ್ಲಿ ಕೆಳಗಿಳಿಯುತ್ತಾಳೆ, ಅಷ್ಟರಲ್ಲಿ ಗಾಡಿ ಹೊರಟುಬಿಡುತ್ತದೆ. ಮಗ ಗಾಡಿಯಲ್ಲಿ, ತಾಯಿ ಪ್ಲಾಟ್‌ಫಾರಂ ಮೇಲೆ. ಅವಳು ಆ ಸ್ಟೇಷನ್ನು ಬಿಟ್ಟು ಕದಲುವುದಿಲ್ಲ. ವರ್ಷಗಳು ಉರುಳಿ, ಎಲ್ಲೋ ಬೆಳೆದ ಮಗ ಸ್ಟೇಷನ್ ಮಾಸ್ಟರಾಗಿ ಅದೇ ಊರಿಗೆ ಬರುತ್ತಾನೆ. ತಾಯಿ ಅವನ ಕಣ್ಣೆದುರೇ ಕುಸಿದು ಬೀಳುತ್ತಾಳೆ. ಅವನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಕಣ್ಣು ಬಿಟ್ಟು, ಅವನ ಹಣೆಯ ಮಚ್ಚೆ ನೋಡಿ ಗುರುತು ಹಿಡಿಯುತ್ತಾಳೆ. "ಊಟ ಮಾಡ್ದಾ ಮಗ," ಎನ್ನುತ್ತಾಳೆ. ಇದು ಅಕ್ಕನ ಸಿನಿಮಾ. ಇದನ್ನು ನಾನು ಎಷ್ಟು ಸಲ ಹೇಳಿಸಿಕೊಂಡೆನೋ ನನಗೇ ತಿಳಿಯದು. ಪ್ರತಿ ಸಲವೂ ಆ ಮಾತು ಬಂದಮೇಲೆಯೇ ನನಗೆ ನಿದ್ದೆ ಬರುತ್ತಿತ್ತು.

ಈಗ ನಾನು ಮಾಡಿದ ಕೆಲಸ ಹೇಳಬೇಕು. ಮುಂದೂಡುತ್ತ ಬಂದೆ, ಇನ್ನು ಆಗುವುದಿಲ್ಲ.

ಅಕ್ಕನನ್ನು ಕೊಟ್ಟದ್ದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೆ. ಆರು ವರ್ಷದ ಹಿಂದೆ ಅವರು ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡರು. ಊಟವಾಗಿ, ಎಲೆಅಡಿಕೆ ಹಾಕಿಕೊಂಡು, ಎಲ್ಲರೂ ಹೊಸ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದರು. ಅಕ್ಕ ಆಗಷ್ಟೇ ಮಗನಿಗೆ ಮದುವೆ ಮಾಡಿದ್ದಳು, ಬೀಗರ ಕಡೆಯವರು ಬಹಳ ಜನ ಬಂದಿದ್ದರು. ಯಾರೋ ಹಳೆಯ ಸಿನಿಮಾದ ಮಾತು ತೆಗೆದರು. ಅಕ್ಕನಿಗೆ ಅಷ್ಟು ಸಾಕಾಯಿತು. ರೈಲಿನ ತಾಯಿಯ ಕತೆ ಶುರು ಮಾಡಿದಳು. ಹದಿನೇಳರ ಹುಡುಗಿಯ ಹಾಗೆ ಕೈ ಆಡಿಸಿಕೊಂಡು ಹೇಳಿದಳು. ಬೀಗರ ಮನೆಯ ಹೆಂಗಸರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ನನ್ನ ಹತ್ತಿರ ಆಗ ಹೊಸ ಸ್ಮಾರ್ಟ್ ಫೋನು. ಹಳೆಯ ಸಿನಿಮಾಗಳೆಲ್ಲ ಅದರಲ್ಲಿ ಸಿಗುತ್ತವೆ ಎಂದು ಹೊಸದಾಗಿ ಕಂಡುಕೊಂಡಿದ್ದೆ. ಅದಕ್ಕೆ ಎರಡು ದಿನ ಮುಂಚೆ ಈ ಸಿನಿಮಾದ ಕೊನೆಯ ಹತ್ತು ನಿಮಿಷವನ್ನಷ್ಟೇ ಹುಡುಕಿ ನೋಡಿದ್ದೆ. ಅದರಲ್ಲಿ ತಾಯಿ ಕಣ್ಣು ಬಿಡುವುದಿಲ್ಲ. ಮಗನ ತೊಡೆಯ ಮೇಲೆಯೇ ಸಾಯುತ್ತಾಳೆ, ಗಾಡಿಯೊಂದು ಕೂಗಿಕೊಂಡು ಹೋಗುತ್ತದೆ, ಮುಗಿಯುತ್ತದೆ. ಅಕ್ಕ "ಊಟ ಮಾಡ್ದಾ ಮಗ" ಎನ್ನುವ ಜಾಗಕ್ಕೆ ಬಂದಳು. ನನಗೆ ನಾಲಿಗೆ ತುರಿಸಿತು.

"ಅಕ್ಕ, ಆ ತಾಯಿ ಸತ್ತೋಗ್ತಾಳೆ. ನೀನು ಕೊನೆ ನೋಡೇ ಇಲ್ಲ. ನಿಮಗೆ ಗೊತ್ತಾ, ನಮ್ಮಕ್ಕ ಐದೂ ಮುಕ್ಕಾಲು ಗಾಡಿಗೆ ಅರ್ಧಕ್ಕೇ ಎದ್ದು ಬತ್ತಿದ್ಲು. ಇವೆಲ್ಲ ಟ್ರೈನ್ ಕ್ಲೈಮ್ಯಾಕ್ಸು."

ಹೇಳಿದ್ದಷ್ಟೇ ಅಲ್ಲ, ಫೋನು ತೆಗೆದು ಆ ದೃಶ್ಯವನ್ನು ಹಾಕಿ ಕೈಯಿಂದ ಕೈಗೆ ದಾಟಿಸಿದೆ. ಎಲ್ಲರೂ ನಕ್ಕರು. ಬೀಗರ ಪೈಕಿ ಯಾರೋ ಒಬ್ಬರು, "ನಮ್ ಬೀಗಿತ್ತಿ ಇಷ್ಟು ವರ್ಷದಿಂದ ಸುಳ್ಳು ಸಿನಿಮಾ ತೋರಿಸ್ಕಂಡು ಬಂದವ್ರೆ," ಎಂದದ್ದಕ್ಕೆ ನಗು ಇನ್ನೂ ಏರಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅಕ್ಕ ನನ್ನನ್ನು ಒಂದು ಸಲ ನೋಡಿದಳು. "ಎಲೆ ತೆಗೀಬೇಕು," ಎಂದು ಎದ್ದು ಒಳಗೆ ಹೋದಳು. ಎಲೆ ಆಗಲೇ ತೆಗೆದಾಗಿತ್ತು.

ಅವತ್ತಿನಿಂದ ಅವಳು ನನ್ನ ಜೊತೆ ಮಾತಾಡಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕತೆ ಹೇಳುವುದನ್ನೇ ಬಿಟ್ಟಳಂತೆ. ನಂಟರ ಮನೆಯ ಮಕ್ಕಳು ಅವಳನ್ನು ಟ್ರೈನ್ ಅಜ್ಜಿ ಎಂದು ಕರೆಯುತ್ತಾರೆ ಎಂದು ನನ್ನ ಕಿವಿಗೂ ಬಿತ್ತು. ನಾನು ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ತಮಾಷೆಗೆ ಅಂದದ್ದಕ್ಕೆಲ್ಲ ಯಾರು ತಪ್ಪಾಯಿತು ಅನ್ನುತ್ತಾರೆ ಎಂದುಕೊಂಡೆ. ಮೊದಲ ವರ್ಷ ಜಂಬ ಅಡ್ಡ ಬಂತು, ಆಮೇಲೆ ನಾಚಿಕೆ ಅಡ್ಡ ಬಂತು. ನನ್ನ ಹೆಂಡತಿ ಹೋದಾಗ ಅಕ್ಕ ಬಂದಳು. ಮೂರು ದಿನ ಇದ್ದು, ಬಂದವರಿಗೆಲ್ಲ ಅಡುಗೆ ಮಾಡಿದಳು. ನನ್ನ ಮುಂದೆಯೇ ಬೇರೆಯವರಿಗೆ, "ಅವನಿಗೆ ಒಂದು ತುತ್ತು ಉಣ್ಣಕ್ಕೆ ಹೇಳಿ," ಎಂದಳು. ನಾನೂ ಬೇರೆಯವರ ಮೂಲಕವೇ ಬೇಡ ಎಂದೆ.

ನನ್ನ ನೌಕರಿ ಏನಾಗಿತ್ತು ಗೊತ್ತೇ? ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸು ಕೂಗುವುದು. ಹೆಬ್ಬೂರು ಮೇಲೆ ಕುಣಿಗಲ್ಲಿಗೆ ಹೋಗುವ ಬಸ್ಸು ಇಂಥಾ ಅಂಕಣದಲ್ಲಿ ನಿಂತಿದೆ ಎಂದು ದಿನಕ್ಕೆ ಎಷ್ಟೋ ಸಲ ಊರಿಗೆಲ್ಲ ಹೇಳಿದ್ದೇನೆ. ನಿವೃತ್ತಿಯಾಗುವವರೆಗೂ ಹೇಳಿದೆ. ಅದರಲ್ಲೊಂದನ್ನು ನಾನೇ ಹತ್ತಬಹುದು ಎಂದು ಹೊಳೆಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೊಳೆದಾಗಲೆಲ್ಲ ಮುಂದಿನ ಬಸ್ಸು ಕೂಗುತ್ತಿದ್ದೆ.

ಗುಂಡಿ ಹಾಕಿದ ಅಂಗಿಗಳಲ್ಲಿ ಒಂದನ್ನು ತೊಟ್ಟುಕೊಂಡು ಮಾರನೆಯ ದಿನವೇ ಬೆಳಗಿನ ಆಟಕ್ಕೆ ಹೋದೆ. ವಾರದ ನಡುವಿನ ದಿನ. ಆರು ಜನ ಇದ್ದೆವು, ಅದರಲ್ಲಿ ಇಬ್ಬರು ಸಿನಿಮಾ ನೋಡುವುದಕ್ಕೆ ಬಂದವರಲ್ಲ. ಮೆತ್ತನೆಯ ಕುರ್ಚಿ, ಒಳಗೆ ಚಳಿ. ಹೊಸದು ಕೆಟ್ಟದಾಗೇನೂ ಇರಲಿಲ್ಲ. ತಾಯಿ ಮಗನಿಗಿಂತ ಚಿಕ್ಕವಳಂತೆ ಕಂಡಳು, ಅದಕ್ಕೆ ಅವಳೇನು ಮಾಡುತ್ತಾಳೆ. ನಿರ್ದೇಶಕರಿಗೆ ದೊಡ್ಡ ತಲೆನೋವು ಕೊಟ್ಟಿರುವುದು ಮೊಬೈಲು. ಈಗಿನ ಕಾಲದಲ್ಲಿ ಒಬ್ಬರು ಇನ್ನೊಬ್ಬರನ್ನು ಕಳೆದುಕೊಳ್ಳಬೇಕಾದರೆ ಮೊದಲು ಫೋನನ್ನು ಕಳೆಯಬೇಕು. ಅದಕ್ಕಾಗಿ ತಾಯಿಯ ಫೋನನ್ನು ರೈಲಿನ ಸೀಟಿನ ಮೇಲೆ ಮರೆಸಿ, ಮಗುವಿನ ಕೈಯಿಂದ ಕಿಟಕಿಯಾಚೆ ಎಸೆಯಿಸಿ, ಬಹಳ ಕಷ್ಟಪಟ್ಟಿದ್ದಾರೆ. ಫೋನು ನೆಟ್ಟಗಿದ್ದೂ ಜನ ಕಳೆದುಹೋಗುತ್ತಾರೆ ಎಂದು ಅವರಿಗೆ ಯಾರಾದರೂ ಹೇಳಬೇಕಿತ್ತು. ಅಕ್ಕನ ನಂಬರು ಆರು ವರ್ಷದಿಂದ ನನ್ನ ಫೋನಿನಲ್ಲೇ ಇದೆ.

ಕೊನೆ ಬಂತು. ಪ್ಲಾಟ್‌ಫಾರಮ್ಮು, ಕುಸಿದ ತಾಯಿ, ತೊಡೆಯ ಮೇಲೆ ತಲೆ. ನಾನು ಆ ಹತ್ತು ನಿಮಿಷವನ್ನು ಫೋನಿನಲ್ಲಿ ನೋಡಿದವನು, ಇನ್ನೇನು ಗಾಡಿ ಕೂಗುತ್ತದೆ ಎಂದು ಕಾದೆ. ಗಾಡಿ ಕೂಗಲಿಲ್ಲ. ಆಂಬುಲೆನ್ಸು ಬಂತು. ಆಸ್ಪತ್ರೆಯ ಮಂಚದ ಮೇಲೆ ತಾಯಿ ಕಣ್ಣು ಬಿಟ್ಟಳು. ಮಗನ ಹಣೆಯ ಮೇಲೆ ಬೆರಳಿಟ್ಟಳು. "ಊಟ ಮಾಡಿದ್ಯಾ," ಎಂದು ಕೇಳಿದಳು. ಅಷ್ಟಕ್ಕೆ ಸಿನಿಮಾ ಮುಗಿಯಿತು.

ಕಾಕತಾಳೀಯ ಅನ್ನಿ. ನಮ್ಮ ಕಡೆಯ ಯಾವ ತಾಯಿ ಕಣ್ಣು ಬಿಟ್ಟರೂ ಮೊದಲು ಕೇಳುವುದು ಅದನ್ನೇ, ಅದರಲ್ಲಿ ಅಂಥ ವಿಶೇಷವೇನೂ ಇಲ್ಲ. ಆದರೂ ನಾನು ಕತ್ತಲಲ್ಲಿ ಜೋರಾಗಿ "ಅಕ್ಕ" ಎಂದುಬಿಟ್ಟೆ. ಸಿನಿಮಾ ನೋಡದೆ ಕೂತಿದ್ದ ಆ ಜೋಡಿ ತಿರುಗಿ ನೋಡಿತು. ಪಕ್ಕದ ಕುರ್ಚಿ ಖಾಲಿ, ಅದರ ಪಕ್ಕದ್ದೂ ಖಾಲಿ. ಈ ಸುದ್ದಿ ಬೇಕಾದವರು ಭೂಮಿಯ ಮೇಲೆ ಒಬ್ಬರೇ ಇದ್ದರು. ಅಷ್ಟು ಒಂಟಿತನ ನನಗೆ ಹೆಂಡತಿ ಹೋದ ವಾರವೂ ಆಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದೆ. ಈಗ ಅಲ್ಲಿ ಮೈಕಿನ ಮುಂದೆ ಯಾರೂ ಕೂರುವುದಿಲ್ಲ. ರೆಕಾರ್ಡ್ ಮಾಡಿದ ಹೆಂಗಸಿನ ದನಿಯೊಂದು ಬಸ್ಸುಗಳನ್ನು ಕೂಗುತ್ತದೆ. ನನ್ನದೇ ರೀಮೇಕು. ಉಚ್ಚಾರಣೆ ನನಗಿಂತ ಸ್ಪಷ್ಟವಾಗಿದೆ, ಒಪ್ಪಿಕೊಳ್ಳಬೇಕು. ಕುಣಿಗಲ್ ಬಸ್ಸು ಎಲ್ಲಿ ನಿಂತಿದೆ ಎಂದು ಆಕೆ ಹೇಳಿದಳು, ನಾನು ಹೋಗಿ ಹತ್ತಿದೆ. ಕುಣಿಗಲ್ಲಿನಲ್ಲಿ ಇಳಿದು ಮಾರ್ಕೋನಹಳ್ಳಿಯ ಬಸ್ಸು ಹಿಡಿದೆ. ಅಣೆಕಟ್ಟೆಯ ಕಡೆಯ ಗಾಳಿ ತಣ್ಣಗೆ ಮುಖಕ್ಕೆ ಬಡಿಯುವ ಹೊತ್ತಿಗೆ ಹನ್ನೊಂದು ಗಂಟೆ. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮನೆ ಕಾಣಿಸುತ್ತಲೇ ಕೈಕೊಟ್ಟವು.

ಅಕ್ಕ ಜಗಲಿಯ ಮೇಲೆ ಕಾಲು ಚಾಚಿ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಎಪ್ಪತ್ತು ವರ್ಷ. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು, ಮೊರ ನಿಲ್ಲಿಸಲಿಲ್ಲ. ಒಳಗೆ ತಿರುಗಿ ಸೊಸೆಗೆ, "ನೀರು ಕೊಡಮ್ಮ, ಬಿಸಿಲಲ್ಲಿ ಬಂದವ್ನೆ," ಎಂದಳು.

ಸೊಸೆ ನೀರು ತಂದಳು. ನಾನು ಜಗಲಿಯ ಈ ತುದಿಯಲ್ಲಿ ಕೂತು ಕುಡಿದೆ. "ಚೆನ್ನಾಗಿದೀರಾ ಮಾವ," ಎಂದು ಕೇಳಿದ ಆ ಹುಡುಗಿಯನ್ನು ನಾನೂ ನಡುವೆ ಇಟ್ಟುಕೊಂಡೇ ಮಾತಾಡಿದೆ. "ನಿಮ್ಮತ್ತೆಗೆ ಹೇಳಮ್ಮ, ಆ ರೈಲಿನ ತಾಯಿ ಸಿನಿಮಾನ ಮತ್ತೆ ತೆಗೆದವ್ರೆ. ನಿನ್ನೆ ನೋಡ್ಕಂಡು ಬಂದೆ."

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಕಲ್ಲು ಆರಿಸುತ್ತಿದ್ದಳು. ನಾನು ಸೊಸೆಗೇ ಕತೆ ಹೇಳಲು ಶುರು ಮಾಡಿದೆ. ನನಗೆ ಕತೆ ಹೇಳಲು ಬರುವುದಿಲ್ಲ. ಜೀವಮಾನವೆಲ್ಲ ಬಸ್ಸು ಕೂಗಿದವನು, ಊರಿನ ಹೆಸರು ಬಿಟ್ಟರೆ ಬೇರೆಯದಕ್ಕೆ ದನಿ ಏರುವುದಿಲ್ಲ. ತಾಯಿ ಮಗ ರೈಲಿನಲ್ಲಿ ಹೋಗುತ್ತಿದ್ದರು, ತಾಯಿ ನೀರಿಗೆ ಅಂತ ಸ್ಟೇಷನ್ನಿನಲ್ಲಿ ಇಳಿದಳು, ಎಂದೆ.

"ನೀರಿಗಲ್ಲ ಕಣೋ. ಹಾಲಿಗೆ."

ಅಕ್ಕ ತಲೆ ಎತ್ತಿರಲಿಲ್ಲ. ಮಾತು ಮಾತ್ರ ನನಗೇ ಆಡಿದ್ದು. ಆರು ವರ್ಷದ ಮೇಲೆ. 

"ಹೊಸದ್ರಲ್ಲಿ ನೀರಿಗೆ ಇಳೀತಾಳೆ ಅಕ್ಕ. ಬಾಟ್ಲಿ ಹಿಡ್ಕಂಡು."

"ಮಗ ಹಸ್ಕಂಡು ಅಳ್ತಿರುವಾಗ ನೀರಿಗೆ ಯಾರು ಇಳೀತಾರೆ. ತೆಗ್ದವ್ರಿಗೆ ಮಕ್ಳಿಲ್ಲವೇನೋ." ಮೊರವನ್ನು ಪಕ್ಕಕ್ಕಿಟ್ಟಳು. "ಆಮೇಲೆ?"

ಆಮೇಲಿನದನ್ನು ಅವಳಿಗೇ ಹೇಳಿದೆ. ತಪ್ಪಿದ ಕಡೆಯೆಲ್ಲ ತಿದ್ದಿದಳು. ಸೊಸೆ ಕಾಫಿ ಇಡುತ್ತೇನೆ ಎಂದು ಒಳಗೆ ಹೋದಳು. ಕೊನೆಗೆ ಬಂದು ನಾನು ಸ್ವಲ್ಪ ತಡೆದು, ಉಡುಗೊರೆ ಕೊಡುವವನ ಹಾಗೆ ಹೇಳಿದೆ. "ಅವಳು ಸಾಯಲ್ಲ ಅಕ್ಕ. ಕಣ್ಣು ಬಿಟ್ಟು ಊಟ ಮಾಡಿದ್ಯಾ ಅಂತಾಳೆ. ನಿಂದೇ ಕ್ಲೈಮ್ಯಾಕ್ಸು. ಅವತ್ತು ನಾನು ನಿನ್ನ ನೋಡಿ ನಕ್ಕೆನಲ್ಲ, ಈಗ ಊರೂರಲ್ಲಿ ಅದನ್ನೇ ತೋರುಸ್ತಾವ್ರೆ."

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಸೆರಗಿನಿಂದ ಕೈಯ ಧೂಳು ಒರೆಸಿಕೊಂಡಳು.

"ಹಂಗೆ ಬದ್ಲಾಯಿಸಬಾರದಿತ್ತು," ಎಂದಳು.

"ಯಾಕಕ್ಕ? ನೀನೇ ಹಂಗೆ ಹೇಳ್ತಿದ್ದೆ."

"ನಾನು ಹೇಳಿದ್ದು ಸಿನಿಮಾಕ್ಕಲ್ಲ ಕಣೋ." ಚಾಚಿದ್ದ ಕಾಲನ್ನು ಮಡಚಿಕೊಂಡು ಕೇಳಿದಳು. "ಅಪ್ಪ ಒಂದಿನ ನಂಗೆ ಹೊಡೆದಿದ್ರು, ನೆನಪೈತಾ? ಕತ್ತಲಾದ ಮೇಲೆ ಮನೆಗೆ ಬಂದೆ ಅಂತ."

ನೆನಪಿತ್ತು. ಅಪ್ಪ ಅವಳ ಮೇಲೆ ಕೈ ಮಾಡಿದ್ದು ಅದೊಂದೇ ಸಲ. ಯಾಕೆ ತಡವಾಯಿತು ಎಂದು ನಾನು ಯಾವತ್ತೂ ಕೇಳಿರಲಿಲ್ಲ.

"ಅವತ್ತು ಇದೇ ಸಿನಿಮಾಕ್ಕೆ ಹೋಗಿದ್ದು. ಗಾಡಿ ಹೋದ್ರೆ ಹೋಗ್ಲಿ, ಆ ತಾಯಿ ಏನಾಗ್ತಾಳೋ ನೋಡೇ ಬುಡನ ಅಂತ ಕೂತ್ಕಂಡೆ. ಪೂರ್ತಿ ನೋಡಿದೆ. ಸತ್ತೋದ್ಲು. ಆಮೇಲೆ ಹಳಿ ಮೇಲೆ ಗುಬ್ಬಿಯಿಂದ ಒಬ್ಳೇ ನಡ್ಕಂಡು ಬಂದೆ. ದಾರಿ ಪೂರಾ ಅತ್ತೆ."

ಅಕ್ಕ ಮೊರದಿಂದ ಜಾರಿದ್ದ ಒಂದು ಕಾಳನ್ನು ಎತ್ತಿ ಒಳಗೆ ಹಾಕಿದಳು.

"ಅಮ್ಮ ಹೋಗಿ ಆಗ ನಾಕು ತಿಂಗ್ಳು. ನಾನು ಏಟು ತಿಂದು ಬಂದು ಕೂತ್ರೆ, ನೀನು ದಾರ ಪೋಣಿಸ್ಕಂಡು ರೆಡಿಯಾಗಿದ್ದೆ. ಅರ್ಧ ಕತೆ ಹೇಳಿದ್ದೆ, ಆಗ್ಲೇ ನೀನು ಕೇಳ್ದೆ. ಆ ಹುಡುಗಂಗೆ ಅವರಮ್ಮ ಸಿಕ್ಕಿದ್ಲಾ ಅಂತ." ಅಕ್ಕ ನನ್ನ ಕಡೆ ತಿರುಗಿದಳು. "ನಾನು ಏನಂತ ಹೇಳ್ಲಿ ನಿಂಗೆ? ಅವತ್ತಿಂದ ಎಲ್ಲಾ ಸಿನಿಮಾಕ್ಕೂ ಊಟ ಹಾಕ್ಕಂಡು ಬಂದೆ."

"ಗೃಹಪ್ರವೇಶದಲ್ಲಿ ಯಾಕೆ ಹೇಳ್ಲಿಲ್ಲ ಅಕ್ಕ? ನಾನು ಅಷ್ಟು ನಗಾಡ್ತಿದ್ದಾಗ ಹೇಳಬೋದಿತ್ತಲ್ಲ."

"ಅಷ್ಟು ಜನದ ಮುಂದೆ ಹೇಳಿದ್ರೆ ನೀನು ಅಳ್ತಿದ್ದೆ. ಬೀಗರೆಲ್ಲ ಕೂತಿದ್ರು."

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅಳು ಬಂತು. ಅರವತ್ತೊಂದು ವರ್ಷದ ಗಂಡಸು, ಹಗಲು ಹೊತ್ತಿನಲ್ಲಿ, ಬೀದಿಗೆ ಕಾಣುವ ಜಗಲಿಯ ಮೇಲೆ ಮುಖ ಮುಚ್ಚಿಕೊಂಡು ಅತ್ತೆ. ಅಮ್ಮನಿಗೋ, ಹೆಂಡತಿಗೋ, ಹಳಿಯ ಮೇಲೆ ಒಬ್ಬಳೇ ನಡೆದು ಬಂದ ಆ ಹುಡುಗಿಗೋ, ನನಗೂ ಗೊತ್ತಿಲ್ಲ. ಒಳಗಿನಿಂದ ಸೊಸೆಯ ಲೋಟದ ಸದ್ದು ಕೇಳಿಸಿ, ಎಲ್ಲಿ ಬಂದುಬಿಡುತ್ತಾಳೋ ಎಂದು ಟವಲಿನಿಂದ ಕಣ್ಣು ಒರೆಸಿಕೊಳ್ಳಲು ಹೋದೆ. ಅಕ್ಕ ನನ್ನ ಕೈ ಹಿಡಿದು ಕೆಳಗಿಟ್ಟಳು.

"ಅಮ್ಮ ಹೋದಾಗ್ಲೂ ನೀನು ಅಳ್ಲಿಲ್ಲ. ಅಳು ಬಸ್ವ," ಎಂದಳು. "ನಾನು ಯಾರಿಗೂ ಹೇಳಕ್ಕೋಗಲ್ಲ."